ಡ್ರೈಸೂಟ್ ಒಳಗೆ ನಡುಗದೆ ಇರುವುದು ಹೇಗೆ: ಕಡಿಮೆ ಖರ್ಚಿನ ಸಮಗ್ರ ಮಾರ್ಗದರ್ಶಿ

ನೇತ್ರಾಣಿಯಲ್ಲೋ ಅಂಡಮಾನಿನಲ್ಲೋ ಡೈವಿಂಗ್ ಕಲಿತು, ಕೆಲಸಕ್ಕೆಂದು ಬ್ರಿಟನ್‌ಗೆ ಬಂದು, ಇಲ್ಲೂ ನೀರಿಗಿಳಿಯೋಣ ಎಂದು ಹೊರಟವರು ಮೊದಲ ಚಳಿಗಾಲದಲ್ಲೇ ಹೇಳುವ ಮಾತು ಒಂದೇ. "ಡ್ರೈಸೂಟ್ ತಗೊಂಡೆ. ಆದ್ರೂ 20 ನಿಮಿಷಕ್ಕೆ ಹಲ್ಲು ಕಟಕಟ ಅನ್ನುತ್ತೆ." ಅದರ ಹಿಂದೆಯೇ ಬರುವ ಪ್ರಶ್ನೆಯೂ ಒಂದೇ: "ದುಬಾರಿ ಅಂಡರ್‌ಸೂಟ್ ತಗೊಳ್ಳಲೇಬೇಕಾ?" (ಡ್ರೈಸೂಟ್ ಅಂದರೆ ನೀರನ್ನು ಒಳಗೆ ಬಿಡದ ಡೈವಿಂಗ್ ಉಡುಪು, ಅಂಡರ್‌ಸೂಟ್ ಅಂದರೆ ಅದರೊಳಗೆ ಹಾಕುವ ಬೆಚ್ಚನೆ ಬಟ್ಟೆ.)

ಈಗಲೇ ಬೇಡ. ಚಳಿಯಲ್ಲಿ ನಡುಗುವ ಹೆಚ್ಚಿನವರಿಗೆ ಬಟ್ಟೆ ಕಡಿಮೆಯಾಗಿರುವುದಿಲ್ಲ, ಕೆಲಸದ ಕ್ರಮ ತಪ್ಪಿರುತ್ತದೆ. ಸೂಟ್ ಎಲ್ಲೋ ಸೋರುತ್ತಿರುತ್ತದೆ, ಇವರು ಇನ್ನೊಂದು ಫ್ಲೀಸ್ ಹಾಕುತ್ತಾರೆ. ಸೂಟ್ ಮೊದಲೇ ಬಿಗಿ, ಅದರೊಳಗೆ ಇನ್ನೂ ದಪ್ಪ ತುರುಕುತ್ತಾರೆ. ಪಾರ್ಕಿಂಗ್‌ನಲ್ಲೇ ಬೆವೆತು, ಒದ್ದೆ ಬೆನ್ನಿನಲ್ಲಿ ನೀರಿಗಿಳಿಯುತ್ತಾರೆ. ಹಾಗಾಗಿ ಇಲ್ಲಿ ಹೇಳುವ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲನೆಯದನ್ನು ಬಿಟ್ಟು ನಾಲ್ಕನೆಯದಕ್ಕೆ ಹಾರಿದರೆ ದುಡ್ಡು ಹೋಗುತ್ತದೆ, ಚಳಿ ಹೋಗುವುದಿಲ್ಲ.

ನಾನು ಹೇಳುತ್ತಿರುವುದು ಟ್ರೈಲ್ಯಾಮಿನೇಟ್ ಸೂಟ್ ಬಗ್ಗೆ, ಅಂದರೆ ತೆಳ್ಳಗಿನ, ರೇನ್‌ಕೋಟ್‌ನಂಥ ಬಟ್ಟೆಯದ್ದು. ಡೈವ್ ಅಂದರೆ 30–40 ನಿಮಿಷದ, ಡಿಕಂಪ್ರೆಷನ್ ಸ್ಟಾಪ್ (ಮೇಲೆ ಬರುವಾಗ ದಾರಿಯಲ್ಲಿ ಕಡ್ಡಾಯವಾಗಿ ನಿಲ್ಲುವುದು) ಬೇಕಾಗದ ಸಾಧಾರಣ ಡೈವ್. ಲೆಸ್ಟರ್‌ಶೈರ್‌ನ ಸ್ಟೋನಿ ಕೋವ್‌ನಂಥ ಹಳೆಯ ಕಲ್ಲುಗಣಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಫೆಬ್ರವರಿಯಲ್ಲಿ ಅಲ್ಲಿ ನೀರು 5 ಡಿಗ್ರಿಯ ಆಸುಪಾಸು. ಇನ್ನೊಂದು ಮಾತು: ಡ್ರೈಸೂಟ್ ತರಬೇತಿ ಪಡೆಯದೆ ಡ್ರೈಸೂಟ್‌ನಲ್ಲಿ ಇಳಿಯಬೇಡಿ. ಇದನ್ನು ಓದುವುದು ಆ ತರಬೇತಿಗೆ ಬದಲಿ ಅಲ್ಲ.

## ಮೊದಲು ಗೊತ್ತಿರಬೇಕಾದ ಒಂದೇ ವಿಷಯ

ನೀರು ನಮ್ಮ ಮೈಯ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಎಳೆದುಕೊಳ್ಳುತ್ತದೆ. ಟ್ರೈಲ್ಯಾಮಿನೇಟ್ ಸೂಟ್ ನೀರನ್ನು ಹೊರಗಿಡುತ್ತದೆ, ಅಷ್ಟೇ. ಬೆಚ್ಚಗಿಡುವುದು ಒಳಗಿನ ಬಟ್ಟೆಯ ಎಳೆಗಳ ನಡುವೆ ಅಲುಗಾಡದೆ ನಿಂತಿರುವ ಗಾಳಿ. ಮಲೆನಾಡಿನಲ್ಲಿ ಗದ್ದೆ ಕೆಲಸದವರು ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಳ್ಳುವುದು ನೋಡಿದ್ದೀರಿ ಅಲ್ವಾ? ಉಣ್ಣೆ ಒದ್ದೆಯಾದರೂ ಪೂರ್ತಿ ಚಪ್ಪಟೆ ಆಗುವುದಿಲ್ಲ, ಎಳೆಗಳ ನಡುವೆ ಗಾಳಿ ಉಳಿಯುತ್ತದೆ. ಅದೇ ಮಳೆಯಲ್ಲಿ ಹತ್ತಿ ಪಂಚೆ ಕಾಲಿಗೆ ಅಂಟಿಕೊಂಡು ಕೊರೆಯುತ್ತದೆ.

ಮುಂದಿನ ಎಲ್ಲಾ ಹಂತಗಳೂ ಆ ಗಾಳಿಯನ್ನು ಒಣಗಿಸಿ, ಹಿಸುಕದೆ ಉಳಿಸಿಕೊಳ್ಳುವುದಕ್ಕೇ.

## ಬೇಕಾಗುವ ಸಾಮಾನು

ಟಾಲ್ಕಂ ಪೌಡರ್ (ಸುವಾಸನೆ ಇಲ್ಲದ್ದು), ಪಾತ್ರೆ ತೊಳೆಯುವ ಲಿಕ್ವಿಡ್, ಒಂದು ಸ್ಪ್ರೇ ಬಾಟಲಿ, ಮಣಿಕಟ್ಟಿನ ಸೀಲ್‌ಗೆ (ನೀರು ನುಗ್ಗದಂತೆ ಮೈಗೆ ಬಿಗಿಯಾಗಿ ಕೂರುವ ಪಟ್ಟಿ) ಹೊಂದುವ ಎರಡು ಪ್ಲಾಸ್ಟಿಕ್ ಬಾಟಲಿ, ಒಂದು ಹಳೆ ಚೆಂಡು, ಸೀಮೆಸುಣ್ಣ. ಅಕ್ವಾಶೂರ್ ಅಥವಾ ಸ್ಟಾರ್ಮ್‌ಶೂರ್‌ನಂಥ ಅಂಟಿನ ಒಂದು ಟ್ಯೂಬ್. ಎರಡು ದೊಡ್ಡ ಫ್ಲಾಸ್ಕ್. ಒಂದು ನೋಟ್‌ಬುಕ್. ಅಂಟು ಬಿಟ್ಟರೆ ಉಳಿದದ್ದು ಮನೆಯಲ್ಲೇ ಇರುತ್ತದೆ.

## ಹಂತ 1: ಒದ್ದೆ ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಮಾಡಿ

ಈ ಹಂತಕ್ಕೆ ಒಂದು ಇಡೀ ಶನಿವಾರ ಕೊಡಿ. ಎಲ್ಲಕ್ಕಿಂತ ಜಾಸ್ತಿ ಫಲ ಕೊಡುವುದು ಇದೇ.

ಮುಂದಿನ ಡೈವ್ ಮುಗಿದ ತಕ್ಷಣ, ಸೂಟ್ ಬಿಚ್ಚಿ, ಅಂಡರ್‌ಸೂಟ್ ಮೇಲೆ ಅಂಗೈ ಅಲ್ಲ, ಕೈ ಹಿಂಭಾಗ ಆಡಿಸಿ. ತಣ್ಣಗಿನ ಅಂಗೈಗೆ ತೇವ ಗೊತ್ತಾಗುವುದಿಲ್ಲ. ಎಲ್ಲಿ ಒದ್ದೆ ಎಂದು ತಕ್ಷಣ ಬರೆದಿಡಿ, ಮನೆಗೆ ಹೋಗುವಷ್ಟರಲ್ಲಿ ತೇವ ಎಲ್ಲಾ ಕಡೆ ಹರಡಿರುತ್ತದೆ.

ಎಡಗೈ ಮೇಲ್ತೋಳು ಮಾತ್ರ ಒದ್ದೆ ಎಂದರೆ ಗಾಳಿ ಬಿಡುವ ವಾಲ್ವ್ ಮೇಲೆ ಅನುಮಾನ. ಎದೆಯ ನಡುವೆ ಒಂದು ವೃತ್ತ ಒದ್ದೆ ಎಂದರೆ ಗಾಳಿ ತುಂಬುವ ವಾಲ್ವ್. ಮಣಿಕಟ್ಟಿನಿಂದ ಮೊಣಕೈವರೆಗೆ ಎಂದರೆ ಮಣಿಕಟ್ಟಿನ ಸೀಲ್. ಎದೆಯ ಮೇಲ್ಭಾಗ, ಕುತ್ತಿಗೆ ಸುತ್ತ ಎಂದರೆ ಕುತ್ತಿಗೆ ಸೀಲ್. ಜಿಪ್ ಹೋಗುವ ದಾರಿಯಲ್ಲೇ ಒಂದು ಪಟ್ಟಿ ಒದ್ದೆ ಎಂದರೆ ಜಿಪ್. ತೊಡೆಸಂದಿ, ಮಂಡಿ ಒದ್ದೆ ಎಂದರೆ ಬಟ್ಟೆಯಲ್ಲಿ ಸೂಜಿಮೊನೆಯಷ್ಟು ತೂತು. ಬೆನ್ನು, ಕಂಕುಳು, ಪಾದ ಎಲ್ಲಾ ಕಡೆ ಒಂದೇ ಸಮ ತೇವ ಇದ್ದರೆ ಅದು ಸೋರಿಕೆ ಅಲ್ಲ, ಬೆವರು. ಸೂಟಿನ ಒಳಮೈಯಲ್ಲಿ ಬಸ್ಸಿನ ಕಿಟಕಿಯ ಮೇಲಿನಂತೆ ಹನಿ ಕಟ್ಟಿರುತ್ತದೆ. ಅದಕ್ಕೆ ಮದ್ದು ಹಂತ 8ರಲ್ಲಿದೆ.

ನನ್ನ ಎಡತೋಳು ಒಂದು ಚಳಿಗಾಲ ಪೂರ್ತಿ ಒದ್ದೆಯಾಗುತ್ತಿತ್ತು. ಸೀಲ್ ಬದಲಿಸಿದೆ, ಹೋಗಲಿಲ್ಲ. ಕೊನೆಗೆ ವಾಲ್ವ್ ಬಿಚ್ಚಿಸಿ ಟಾರ್ಚ್ ಹಿಡಿದು ನೋಡಿದರೆ, ಒಳಗಿನ ರಬ್ಬರ್ ಬಿಲ್ಲೆಯ ಅಂಚಿನಲ್ಲಿ ಒಂದು ನೀಲಿ ಎಳೆ ಸಿಕ್ಕಿಕೊಂಡಿತ್ತು. ಕೂದಲಿನಷ್ಟು ತೆಳು, ಉಗುರಿನಷ್ಟು ಉದ್ದ. ನನ್ನದೇ ಫ್ಲೀಸ್‌ನ ನಾರು. ಅದು ಇದ್ದಷ್ಟು ದಿನ ಬಿಲ್ಲೆ ಪೂರ್ತಿ ಕೂರುತ್ತಿರಲಿಲ್ಲ, ಪ್ರತಿ ಡೈವ್‌ಗೂ ಅರ್ಧ ಲೋಟ ನೀರು ಒಳಗೆ. ಆದ್ದರಿಂದ ದುರಸ್ತಿಗೆ ದುಡ್ಡು ಕೊಡುವ ಮೊದಲು ವಾಲ್ವ್ ಅನ್ನು ಉಗುರುಬೆಚ್ಚಗಿನ ಸಿಹಿನೀರಿನಲ್ಲಿ ಒತ್ತಿ, ತಿರುಗಿಸಿ, ಮತ್ತೆ ಒತ್ತಿ ತೊಳೆಯಿರಿ.

ಈಗ ಸೋಪು ಪರೀಕ್ಷೆ. ಸೂಟ್ ಜಿಪ್ ಪೂರ್ತಿ ಹಾಕಿ. ಮಣಿಕಟ್ಟಿನ ಸೀಲ್‌ಗಳಿಗೆ ಬಾಟಲಿ, ಕುತ್ತಿಗೆಗೆ ಚೆಂಡು ತುರುಕಿ. ಗಾಳಿ ಬಿಡುವ ವಾಲ್ವ್ ಮುಚ್ಚಿ. ಸಿಲಿಂಡರ್‌ನಿಂದ ಸ್ವಲ್ಪ ಸ್ವಲ್ಪವೇ ಗಾಳಿ ತುಂಬಿ. ದಿಂಬಿನಷ್ಟು ಉಬ್ಬಿದರೆ ಸಾಕು, ಡೋಲಿನಂತೆ ಬಿಗಿಯಾಗುವುದು ಬೇಡ, ಹೊಲಿಗೆ ಬಿಟ್ಟುಕೊಂಡೀತು. ಸೋಪಿನ ನೀರನ್ನು ಸಿಂಪಡಿಸುತ್ತಾ ಒಂದೊಂದೇ ಭಾಗ ನೋಡಿ. ದೊಡ್ಡ ತೂತು ಗುಳ್ಳೆ ಊದುತ್ತದೆ. ಸಣ್ಣದು ಹಾಗಲ್ಲ. ಅರ್ಧ ನಿಮಿಷ ಕಾದರೆ ಸಾಸಿವೆ ಕಾಳಿನಷ್ಟು ಬಿಳಿ ನೊರೆ ಒಂದೇ ಜಾಗದಲ್ಲಿ ಕೂತುಕೊಳ್ಳುತ್ತದೆ. ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ.

ಸೂಟ್ ಪೂರ್ತಿ ಒಣಗಿದ ಮೇಲೆ, ಗುರುತಿನ ಜಾಗವನ್ನು ಒಳಮೈ ಕಡೆಯಿಂದ ಸ್ಪಿರಿಟ್‌ನಲ್ಲಿ ಒರೆಸಿ, ಅಂಟನ್ನು ತೆಳ್ಳಗೆ, ತೂತಿಗಿಂತ ಒಂದು ಬೆರಳು ಅಗಲ ಜಾಸ್ತಿ ಹಚ್ಚಿ. 24 ಗಂಟೆ ಮುಟ್ಟಬೇಡಿ. ಜಿಪ್‌ನಿಂದಲೇ ನೊರೆ ಬಂದರೆ ಅದು ಅಂಗಡಿಯವರ ಕೆಲಸ, ಅಂಟು ಬಳಿದು ಹಾಳು ಮಾಡಬೇಡಿ.

ಇಲ್ಲಿ ಆಗುವ ತಪ್ಪು: ಜಿಪ್‌ನ ಕೊನೆಯ ಅರ್ಧ ಸೆಂಟಿಮೀಟರ್ ಮುಚ್ಚದೆ ಬಿಡುವುದು. ಸೂಟ್ ಸೋರುತ್ತದೆ ಎಂದು ದೂರುವವರಲ್ಲಿ ಎಷ್ಟೋ ಜನರದ್ದು ಇದೇ ಕಥೆ. ಪ್ರತಿ ಸಲ ಜೊತೆಗಾರರಿಗೆ ತೋರಿಸಿ, ಅವರು ಬೆರಳಿಟ್ಟು ನೋಡಲಿ.

## ಹಂತ 2: ಸೂಟ್ ಒಳಗೆ ಜಾಗ ಇದೆಯಾ ನೋಡಿ

ಇರುವ ಎಲ್ಲಾ ಬಟ್ಟೆ ಹಾಕಿ, ಮೇಲೆ ಸೂಟ್ ಹಾಕಿ, ಜಿಪ್ ಮುಚ್ಚಿ. ಕುತ್ತಿಗೆ ಸೀಲ್ ಸ್ವಲ್ಪ ಎತ್ತಿ, ಕುಕ್ಕರಗಾಲಲ್ಲಿ ಕೂತು ಒಳಗಿನ ಗಾಳಿ ಹೊರಗೆ ಹಾಕಿ. ಹಾಗೇ ಕೂತಿರಿ. ಮಂಡಿ, ಹಿಂಭಾಗ, ಭುಜದಲ್ಲಿ ಬಟ್ಟೆ ಎಳೆಯುತ್ತಿದೆಯಾ? ಎರಡೂ ಕೈ ಅಡ್ಡ ಹಾಕಿ ಎದುರು ಭುಜ ಮುಟ್ಟಿ. ಕೈ ಮೇಲೆತ್ತಿ ತಲೆಯ ಹಿಂದೆ ಸಿಲಿಂಡರ್ ವಾಲ್ವ್ ಇರುವ ಜಾಗಕ್ಕೆ ಚಾಚಿ.

ಎಳೆಯುವ ಜಾಗದಲ್ಲಿ ಒಳಗಿನ ಬಟ್ಟೆ ಹಿಸುಕಿಹೋಗಿದೆ ಎಂದೇ ಅರ್ಥ. ಅಲ್ಲಿ ಇನ್ನೊಂದು ಪದರ ಹಾಕಿದರೆ ಇನ್ನೂ ಚಳಿ. ಒಂದು ಪದರ ತೆಗೆದು ಡೈವ್ ಮಾಡಿ ನೋಡಿ, ಬಿಗಿ ಸೂಟಿನವರಿಗೆ ಇದರಿಂದಲೇ ಮೈ ಬೆಚ್ಚಗಾಗುವುದುಂಟು. ಸೆಕೆಂಡ್‌ಹ್ಯಾಂಡ್ ಸೂಟ್ ತಗೊಳ್ಳುವವರು ಚಳಿಗಾಲದ ಬಟ್ಟೆ ಚೀಲದಲ್ಲಿ ಒಯ್ದು, ಅದರ ಮೇಲೆಯೇ ಹಾಕಿ ನೋಡಿ ಕೊಳ್ಳಿ. ಟಿ-ಶರ್ಟ್ ಮೇಲೆ ಅಳತೆ ನೋಡಿ ಕೊಂಡ ಸೂಟ್ ಜನವರಿಯಲ್ಲಿ ಬಿಗಿಯಾಗುತ್ತದೆ.

ಕುತ್ತಿಗೆ ಸೀಲ್ ಬಿಗಿಯಾಗಿ ತಲೆ ಹಗುರಾದಂತೆ, ಕಣ್ಣು ಕತ್ತಲೆ ಬಂದಂತೆ ಆದರೆ ನೀರಿಗೆ ಇಳಿಯಲೇಬೇಡಿ. ಕತ್ತಿನ ರಕ್ತನಾಳ ಒತ್ತಿದರೆ ಎಚ್ಚರ ತಪ್ಪುವ ಅಪಾಯವಿದೆ. ಹೊಸ ಲೇಟೆಕ್ಸ್ ಸೀಲ್ ಆದರೆ ಒಂದು ಸಲಕ್ಕೆ ಒಂದೇ ಗೆರೆ ಕತ್ತರಿಸಿ, ಹಾಕಿ ನೋಡಿ, ಆಮೇಲೆ ಮುಂದಿನದು.

## ಹಂತ 3: ಮೈಗೆ ತಾಗುವ ಪದರ

ಪಾಲಿಯೆಸ್ಟರ್, ಪಾಲಿಪ್ರೊಪಿಲೀನ್ ಅಥವಾ ಮೆರಿನೋ ಉಣ್ಣೆ. ಉದ್ದ ತೋಳು, ಉದ್ದ ಕಾಲು. ಮೈಗೆ ಅಂಟಿರಬೇಕು, ಆದರೆ ರಾತ್ರಿ ಬಿಚ್ಚಿದಾಗ ಚರ್ಮದ ಮೇಲೆ ಗೆರೆ ಬಿದ್ದಿರಬಾರದು. ಸ್ಕೀ ಮಾಡುವವರು ಹಾಕುವ ಸಾಧಾರಣ ಬೇಸ್ ಲೇಯರ್ ಸಾಕು. ಡೆಕಾತ್ಲಾನ್‌ನಲ್ಲಿ ವರ್ಷವಿಡೀ ಸಿಗುತ್ತದೆ, ಸೂಪರ್‌ಮಾರ್ಕೆಟ್‌ಗಳಲ್ಲೂ ಚಳಿಗಾಲದ ಹೊತ್ತಿಗೆ ಅಗ್ಗಕ್ಕೆ ಬರುತ್ತದೆ. ಮೇಲೆ "ಡೈವಿಂಗ್" ಎಂದು ಬರೆದಿದ್ದರೆ ಅದಕ್ಕೇ ಜಾಸ್ತಿ ಬೆಲೆ.

ಹತ್ತಿ ಎಲ್ಲೂ ಬೇಡ. ಬನಿಯನ್ ಬೇಡ, ಚಡ್ಡಿಯೂ ಹತ್ತಿಯದ್ದು ಬೇಡ. "ಒಳಗೆ ಒಂದು ಬನಿಯನ್ ಇದ್ರೆ ಏನಾಗುತ್ತೆ" ಎನ್ನುತ್ತಾರೆ. ಅದು ಬೆವರನ್ನು ಹೀರಿ ನಿಮ್ಮ ಎದೆಗೇ ಒತ್ತಿಟ್ಟುಕೊಳ್ಳುತ್ತದೆ, 15 ನಿಮಿಷದ ನಂತರ ತಣ್ಣನೆ ಬಟ್ಟೆ ಸುತ್ತಿಕೊಂಡ ಹಾಗೆ.

ಒಗೆಯುವಾಗ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬೇಡಿ, ತೇವವನ್ನು ಹೊರಗೆ ಸಾಗಿಸುವ ಗುಣ ಮಂಕಾಗುತ್ತದೆ.

## ಹಂತ 4: ನಡುವಿನ ಪದರ, ಅದರಲ್ಲೂ ಎದೆ-ಬೆನ್ನು ಮೊದಲು

ದುಡ್ಡು ಕಡಿಮೆ ಇದ್ದಾಗ ಎಲ್ಲವನ್ನೂ ಎದೆ, ಹೊಟ್ಟೆ, ಸೊಂಟದ ಹಿಂಭಾಗದ ಮೇಲೆ ಹಾಕಿ. ಒಳಗಿನ ಅಂಗಗಳು ತಣ್ಣಗಾಗತೊಡಗಿದರೆ ದೇಹ ಕೈಕಾಲಿನ ರಕ್ತ ಕಡಿಮೆ ಮಾಡಿ ಒಳಗನ್ನು ಕಾಪಾಡುತ್ತದೆ. ಅದಕ್ಕೇ ಬೆರಳು ಮರಗಟ್ಟಿದೆ ಎಂದು ಬರೀ ಗ್ಲೌಸ್ ಬದಲಿಸುತ್ತಾ ಹೋದರೆ ಸಾಲುವುದಿಲ್ಲ. ತೋಳಿಲ್ಲದ ಫ್ಲೀಸ್ ಜಾಕೆಟ್ ಒಂದನ್ನು ಬೇಸ್ ಲೇಯರ್ ಮೇಲೆ ಹಾಕಿ ನೋಡಿ. ನಾನು ಹಳೆ ಬಟ್ಟೆಯ ಚಾರಿಟಿ ಅಂಗಡಿಯಲ್ಲಿ 6 ಪೌಂಡಿಗೆ ತಗೊಂಡದ್ದು ಈಗಲೂ ಇದೆ. ಕೊಟ್ಟ ದುಡ್ಡಿಗೆ ಅಷ್ಟು ಶಾಖ ಕೊಟ್ಟ ವಸ್ತು ನನ್ನ ಬಳಿ ಬೇರೆ ಇಲ್ಲ.

ಅದರ ಮೇಲೆ ಒಂದೇ ತುಂಡಿನ ಫ್ಲೀಸ್ ಸೂಟ್, ಅಥವಾ ಎದೆವರೆಗೆ ಬರುವ ಭುಜಪಟ್ಟಿಯ ಪ್ಯಾಂಟ್ ಜೊತೆ ಫ್ಲೀಸ್ ಜಾಕೆಟ್. ಸಾಧಾರಣ ಪ್ಯಾಂಟ್ ಮತ್ತು ಜಾಕೆಟ್ ಆದರೆ ನೀರಿನಲ್ಲಿ ಬಗ್ಗಿದಾಗ ಸೊಂಟದ ಹಿಂದೆ ಒಂದು ಕೈ ಅಗಲ ಬರಿದಾಗುತ್ತದೆ. ಸರಿಯಾಗಿ ಅಲ್ಲಿಯೇ ವೆಯ್ಟ್ ಬೆಲ್ಟ್ (ಮುಳುಗಲು ಸೊಂಟಕ್ಕೆ ಕಟ್ಟುವ ಸೀಸದ ತೂಕದ ಪಟ್ಟಿ) ಕೂತು ಒತ್ತುತ್ತದೆ, ಚಳಿ ಅಲ್ಲಿಂದಲೇ ಶುರು.

ಫ್ಲೀಸ್ ಲೇಬಲ್ ಮೇಲೆ 100, 200, 300 ಎಂದು ಇದ್ದರೆ ಅದು ಚದರ ಮೀಟರಿಗೆ ಗ್ರಾಂ ಲೆಕ್ಕ. ನಡುವಿನ ಪದರಕ್ಕೆ 200 ಒಳ್ಳೆಯದು.

ಸೆಕೆಂಡ್‌ಹ್ಯಾಂಡ್ ಥಿನ್ಸುಲೇಟ್ (ತೆಳು ಕೃತಕ ನಾರಿನ ಹಾಸು) ಅಂಡರ್‌ಸೂಟ್ ಸಿಕ್ಕರೆ ನೋಡಿ. ಅದು ಒತ್ತಡಕ್ಕೆ ಸಾಧಾರಣ ಫ್ಲೀಸ್‌ಗಿಂತ ಚೆನ್ನಾಗಿ ತಡೆಯುತ್ತದೆ, ತೇವವಾದರೂ ಶಾಖ ಪೂರ್ತಿ ಬಿಟ್ಟುಕೊಡುವುದಿಲ್ಲ. ಕೊಳ್ಳುವಾಗ ಕಿಟಕಿಯ ಬೆಳಕಿಗೆ ಹಿಡಿಯಿರಿ. ಕೂರುವ ಜಾಗ ಮತ್ತು ಮಂಡಿಯಲ್ಲಿ ಬೆಳಕು ಜಾಸ್ತಿ ಹಾಯುತ್ತಿದ್ದರೆ ಒಳಗಿನ ಹಾಸು ಸವೆದಿದೆ. ಬಿಟ್ಟುಬಿಡಿ.

ಗರಿ ತುಂಬಿದ ಡೌನ್ ಜಾಕೆಟ್ ಬೇಡ. ಊರಿನಲ್ಲಿ ಎಷ್ಟೇ ಬೆಚ್ಚಗಿದ್ದರೂ ಸೂಟಿನೊಳಗೆ ಹಪ್ಪಳದಂತೆ ಚಪ್ಪಟೆಯಾಗುತ್ತದೆ, ಒದ್ದೆಯಾದರೆ ಮುದ್ದೆ.

ನನ್ನ ಲೆಕ್ಕ ಹೀಗಿದೆ, ನಿಮ್ಮ ಮೈಗೆ ತಕ್ಕಂತೆ ಬದಲಿಸಿಕೊಳ್ಳಿ. ನೀರು 12–15 ಡಿಗ್ರಿ ಇದ್ದರೆ ಬೇಸ್ ಲೇಯರ್ ಮತ್ತು ಫ್ಲೀಸ್ ಸೂಟ್. 8–12ಕ್ಕೆ ಅದರ ಜೊತೆ ತೋಳಿಲ್ಲದ ಜಾಕೆಟ್. 4–7ಕ್ಕೆ ಫ್ಲೀಸ್ ಬದಲು ಥಿನ್ಸುಲೇಟ್, ಒಳಗೆ ಅದೇ ಜಾಕೆಟ್. ಬೇಸಿಗೆಯಲ್ಲೂ ಮೋಸ ಹೋಗಬೇಡಿ. ಗಣಿಯ ನೀರು ಮೇಲೆ 18 ಡಿಗ್ರಿ ಇದ್ದರೂ ಆಳದಲ್ಲಿ ಒಮ್ಮೆಲೇ 10ಕ್ಕಿಂತ ಕೆಳಗಿಳಿಯಬಹುದು. ನೀವು ತಲುಪುವ ಆಳದ ಉಷ್ಣತೆಗೆ ಬಟ್ಟೆ ಹಾಕಿ.

## ಹಂತ 5: ಮನೆ ಬಟ್ಟೆಯನ್ನು ಡೈವಿಂಗ್‌ಗೆ ಹೊಂದಿಸಿ

ಡೈವಿಂಗ್‌ಗೆಂದೇ ಮಾಡದ ಬಟ್ಟೆಯಲ್ಲಿ ಒಂದು ನಿಜವಾದ ಅಪಾಯ ಇದೆ, ದಯವಿಟ್ಟು ಇದನ್ನು ಬಿಡಬೇಡಿ. ಎಡತೋಳಿನ ವಾಲ್ವ್‌ಗೆ ಒಳಗಿನಿಂದ ಬಟ್ಟೆ ಅಂಟಿಕೊಂಡರೆ ಗಾಳಿ ಹೊರಗೆ ಹೋಗುವುದಿಲ್ಲ. ಮೇಲೆ ಬರುವಾಗ ಸೂಟಿನ ಗಾಳಿ ಹಿಗ್ಗುತ್ತದೆ, ಬಿಡಲು ದಾರಿ ಇಲ್ಲದಿದ್ದರೆ ನೀವು ಬೆಂಡಿನಂತೆ ಮೇಲಕ್ಕೆ ಹಾರುತ್ತೀರಿ. ಗಾಳಿ ಹಾಯದ ಬಟ್ಟೆ, ಅಂದರೆ ವಿಂಡ್‌ಪ್ರೂಫ್ ಪದರವಿರುವ ಜಾಕೆಟ್, ರೆಕ್ಸಿನ್ ಥರದ ಹೊರಮೈ ಇರುವ ಸ್ಕೀ ಸೂಟ್ ಇವು ಬೇಡವೇ ಬೇಡ. ಬಟ್ಟೆಯನ್ನು ಬಾಯಿಗೆ ಒತ್ತಿ ಊದಿ ನೋಡಿ. ಉಸಿರು ಸಲೀಸಾಗಿ ಆಚೆ ಹೋದರೆ ಸರಿ.

ಫ್ಲೀಸ್‌ನ ಟೋಪಿ ಕತ್ತರಿಸಿ, ಅದು ಕುತ್ತಿಗೆ ಸೀಲ್ ಕೆಳಗೆ ಸಿಕ್ಕಿ ಸೋರುತ್ತದೆ. ಕಬ್ಬಿಣದ ಜಿಪ್, ಗುಂಡಿ, ದಪ್ಪ ಲೇಬಲ್ ತೆಗೆಯಿರಿ, ಒತ್ತಡ ಬಿದ್ದಾಗ ಚರ್ಮಕ್ಕೆ ಒತ್ತಿ ನೀಲಿಗಟ್ಟುತ್ತದೆ. ತೋಳಿನ ತುದಿ ಸೀಲ್‌ಗಿಂತ ಎರಡು ಬೆರಳು ಹಿಂದೆಯೇ ನಿಲ್ಲಬೇಕು. ಒಂದು ಎಳೆ ಸೀಲ್ ಕೆಳಗೆ ನುಸುಳಿದರೂ ದೀಪದ ಬತ್ತಿಯಂತೆ ನೀರನ್ನು ಒಳಗೆ ಎಳೆಯುತ್ತದೆ.

## ಹಂತ 6: ಕಡಿಮೆ ಆಳದಲ್ಲಿ ಪರೀಕ್ಷೆ, ಹೊಸ ತೂಕ

ಬಟ್ಟೆ ಬದಲಾದರೆ ತೂಕ ಬದಲಾಗುತ್ತದೆ. ಒಳಗೆ ಗಾಳಿ ಜಾಸ್ತಿ ಹಿಡಿದಷ್ಟೂ ಸೀಸ ಜಾಸ್ತಿ ಬೇಕು. ನನಗೆ ಫ್ಲೀಸ್‌ನಿಂದ ಥಿನ್ಸುಲೇಟ್‌ಗೆ ಹೋದಾಗ 3 ಕೆಜಿ ಜಾಸ್ತಿ ಬೇಕಾಯಿತು.

ಸಿಲಿಂಡರ್‌ನಲ್ಲಿ 50 ಬಾರ್‌ನಷ್ಟು ಉಳಿದಾಗ, 5 ಮೀಟರ್ ಆಳದಲ್ಲಿ, ಬಿಸಿಡಿ (ತೇಲುವಿಕೆ ಹೊಂದಿಸಲು ಗಾಳಿ ತುಂಬುವ ಜಾಕೆಟ್) ಖಾಲಿ ಮಾಡಿ, ಸೂಟಿನಲ್ಲಿ ಬೆಚ್ಚಗಿರಲು ಬೇಕಾದಷ್ಟೇ ಗಾಳಿ ಇಟ್ಟುಕೊಂಡು ನಿಶ್ಚಲವಾಗಿ ನಿಲ್ಲಲು ಆಗಬೇಕು. ಸೀಸ ಕಡಿಮೆ ಇದ್ದವರು ಕೊನೆಯ ಸೇಫ್ಟಿ ಸ್ಟಾಪ್‌ನಲ್ಲಿ (ಮೇಲೆ ಬರುವ ಮುನ್ನ ಮುನ್ನೆಚ್ಚರಿಕೆಗೆ ಸ್ವಲ್ಪ ಹೊತ್ತು ನಿಲ್ಲುವುದು) ಸೂಟಿನ ಗಾಳಿಯೆಲ್ಲ ಹಿಂಡಿ ತೆಗೆಯಬೇಕಾಗುತ್ತದೆ, ಚಳಿ ಅತಿ ಜಾಸ್ತಿ ಆಗುವ ಹೊತ್ತಿನಲ್ಲೇ ಬಟ್ಟೆ ಚಪ್ಪಟೆಯಾಗುತ್ತದೆ. ಇದೇ ಪರೀಕ್ಷೆಯಲ್ಲಿ ಎಡ ಮೊಣಕೈ ಎತ್ತಿ ವಾಲ್ವ್‌ನಿಂದ ಗಾಳಿ ತಡೆಯಿಲ್ಲದೆ ಹೋಗುತ್ತದಾ ಎಂದು ನಾಲ್ಕೈದು ಸಲ ನೋಡಿ. ಬುಳುಬುಳು ಎಂದು ಒಂದೇ ಸಮ ಬರಬೇಕು. ತಡೆದು ತಡೆದು ಬಂದರೆ ಹಂತ 5ಕ್ಕೆ ವಾಪಸ್.

## ಹಂತ 7: ಪಾದ, ಕೈ, ತಲೆ

ಪಾದ. ತೆಳು ಲೈನರ್ ಕಾಲುಚೀಲ ಒಂದು, ಅದರ ಮೇಲೆ ದಪ್ಪ ಉಣ್ಣೆಯದ್ದು ಒಂದು. ಮೂರನೆಯದು ಬೇಡ. ಬೂಟಿನೊಳಗೆ ಬೆರಳು ಅಲ್ಲಾಡಿಸಲು ಆಗದಿದ್ದರೆ ರಕ್ತ ಓಡುವುದಿಲ್ಲ. ಪಾದದ ಕೆಳಗೆ ಫೆಲ್ಟ್ ಇನ್‌ಸೋಲ್ ಒಂದು ಇಟ್ಟರೆ ಕಲ್ಲಿನ ಮೇಲೆ ನಿಂತಾಗಲೂ ಉಪಯೋಗ. ಪಾರ್ಕಿಂಗ್‌ನಲ್ಲಿ ಕಾಲುಚೀಲದಲ್ಲಿ ಓಡಾಡಬೇಡಿ. ತೇವ ಹೀರಿದ ಕಾಲುಚೀಲ ಡೈವ್ ಮುಗಿಯುವವರೆಗೂ ಒಣಗುವುದಿಲ್ಲ.

ಕೈ. 5 ಮಿಮೀ ನಿಯೋಪ್ರೀನ್ (ಸ್ಪಂಜಿನಂಥ ರಬ್ಬರ್) ಗ್ಲೌಸ್ ಮೊದಲಿಗೆ ಸಾಕು. ಇಳಿಯುವ ಮುನ್ನ ಫ್ಲಾಸ್ಕಿನ ಬಿಸಿನೀರನ್ನು, ಕೈ ಸುಡದಷ್ಟು ಬೆರೆಸಿ, ಗ್ಲೌಸ್ ಒಳಗೆ ಸುರಿದುಕೊಳ್ಳಿ. ಗಣಿಯ ತಣ್ಣೀರು ತುಂಬುವ ಮೊದಲೇ ಬೆಚ್ಚನೆ ನೀರು ತುಂಬಿರುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. 6 ಡಿಗ್ರಿಗಿಂತ ಕೆಳಗೆ ಪದೇಪದೇ ಇಳಿಯುವವರಿಗೆ ಮಾತ್ರ ನೀರು ಒಳಗೆ ಬಿಡದ ಡ್ರೈ ಗ್ಲೌಸ್ ಯೋಚನೆ ಬರಲಿ. ಆಗಲೂ ಸೀಲ್ ಕೆಳಗೆ ಒಂದು ತೆಳು ದಾರ ಅಥವಾ ಕೊಳವೆ ಇಟ್ಟು ಸೂಟಿನ ಗಾಳಿ ಗ್ಲೌಸ್‌ಗೆ ಹೋಗುವ ಹಾಗೆ ಮಾಡಬೇಕು, ಇಲ್ಲದಿದ್ದರೆ ಆಳದಲ್ಲಿ ಗ್ಲೌಸ್ ಕೈಯನ್ನು ಹಿಂಡುತ್ತದೆ. ಗ್ಲೌಸ್ ಹರಿದರೆ ಆ ದಾರದ ದಾರಿಯಲ್ಲೇ ಸೂಟಿಗೂ ನೀರು ಬರುತ್ತದೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ತಲೆ. ಹುಡ್ 7 ಮಿಮೀ ಇರಲಿ. ಹಣೆ, ಗಲ್ಲದ ಸುತ್ತ ಮಾಸ್ಕ್ ಜೊತೆ ಕೂಡಿಕೊಳ್ಳಬೇಕು. ಕಿವಿಯ ಹತ್ತಿರ ನೀರು ಒಳಹೊರಗೆ ಹರಿದಾಡುತ್ತಿದ್ದರೆ ಎಷ್ಟು ದಪ್ಪ ಇದ್ದರೂ ದಂಡ. ಹುಡ್ ಮಾತ್ರ ಸೆಕೆಂಡ್‌ಹ್ಯಾಂಡ್ ಬೇಡ, ಹಳತಾದಂತೆ ನಿಯೋಪ್ರೀನ್ ತೆಳುವಾಗುತ್ತದೆ.

## ಹಂತ 8: ಡೈವ್ ದಿನದ ಕ್ರಮ

ರಾತ್ರಿ ಅಂಡರ್‌ಸೂಟ್ ಹೀಟರ್ ಹತ್ತಿರ ಪೂರ್ತಿ ಒಣಗಿಸಿ, ಬಿಗಿ ಮುಚ್ಚಿದ ಚೀಲದಲ್ಲಿ ಕಾರಿಗೆ ಹಾಕಿ. ಬೆಳಗ್ಗೆ ಹೊಟ್ಟೆ ತುಂಬ ತಿನ್ನಿ. ನಾನು ಒಂದು ಫ್ಲಾಸ್ಕಿನಲ್ಲಿ ರಾಗಿ ಗಂಜಿ, ಇನ್ನೊಂದರಲ್ಲಿ ಬಿಸಿನೀರು ಒಯ್ಯುತ್ತೇನೆ.

ಸ್ಥಳಕ್ಕೆ ಹೋದ ಮೇಲೆ ಕ್ರಮ ಹೀಗೆ:

1. ಸಾಧಾರಣ ಬಟ್ಟೆಯಲ್ಲೇ ಸಿಲಿಂಡರ್ ಹೊತ್ತು, ಎಲ್ಲಾ ಸಲಕರಣೆ ಜೋಡಿಸಿ, ಪರೀಕ್ಷಿಸಿ ಮುಗಿಸಿ. ಬೆವರುವುದೆಲ್ಲಾ ಇಲ್ಲೇ ಬೆವರಲಿ.
2. ಮೂತ್ರಕ್ಕೆ ಹೋಗಿ ಬನ್ನಿ.
3. ಬ್ರೀಫಿಂಗ್, ಯಾರು ಯಾರ ಜೊತೆ ಎಂಬ ಮಾತು ಎಲ್ಲಾ ಮುಗಿಯಲಿ.
4. ಟವೆಲ್‌ನಿಂದ ಮೈ ಒರೆಸಿ, ಆಗ ಮಾತ್ರ ಬೇಸ್ ಲೇಯರ್, ಅಂಡರ್‌ಸೂಟ್.
5. ಸೀಲ್‌ಗೆ ಪೌಡರ್, ಸೂಟ್, ಜಿಪ್, ಜಿಪ್ ತಪಾಸಣೆ.
6. ಹತ್ತು ನಿಮಿಷದೊಳಗೆ ನೀರಿನಲ್ಲಿರಿ.

ತಪ್ಪುವುದು ಎರಡನೆಯದರಲ್ಲಿ. ಮೂತ್ರ ಬರುತ್ತದೆ ಎಂದು ಬೆಳಗ್ಗೆಯಿಂದ ನೀರೇ ಕುಡಿಯದೆ ಬರುವವರಿದ್ದಾರೆ. ತಣ್ಣೀರಿನಲ್ಲಿ ಮುಳುಗಿದಾಗ ಮೂತ್ರ ಬರುವುದು ದೇಹದ ಸಹಜ ಕ್ರಿಯೆ, ಕುಡಿಯದಿದ್ದರೂ ಬರುತ್ತದೆ. ನೀರಿನಂಶ ಕಡಿಮೆಯಾದರೆ ಡಿಕಂಪ್ರೆಷನ್ ಕಾಯಿಲೆಯ (ಮೈಯಲ್ಲಿ ಕರಗಿದ ಸಾರಜನಕ ಮೇಲೆ ಬರುವಾಗ ಗುಳ್ಳೆಯಾಗಿ ಬರುವ ಕಾಯಿಲೆ) ಅಪಾಯ ಏರುತ್ತದೆ. ದೊಡ್ಡವರ ಡಯಾಪರ್ ಹಾಕಿಕೊಳ್ಳಿ. ಅನುಭವಿ ಡೈವರ್‌ಗಳೂ ಹಾಕುತ್ತಾರೆ, ಇದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಎರಡು ಡೈವ್ ನಡುವೆ ಹುಡ್ ತೆಗೆದು ತಲೆ ಒರೆಸಿ, ಉಣ್ಣೆ ಟೋಪಿ ಹಾಕಿ. ಸೂಟಿನ ಮೇಲೆ ದೊಡ್ಡ ರೇನ್‌ಕೋಟ್ ಹಾಕಿಕೊಳ್ಳಿ. ಒದ್ದೆ ಸೂಟಿನ ಮೇಲೆ ಗಾಳಿ ಬೀಸಿದರೆ ಮಣ್ಣಿನ ಹೂಜಿ ತಣ್ಣಗಾಗುವ ಹಾಗೆ ನೀವೂ ತಣ್ಣಗಾಗುತ್ತೀರಿ. ಮೊದಲ ಡೈವ್‌ನ ಚಳಿ ಪೂರ್ತಿ ಬಿಡುವವರೆಗೆ ಎರಡನೆಯದು ಬೇಡ.

## ಹಂತ 9: ನೀರಿನೊಳಗೆ ಗಾಳಿ ಹಿಡಿಯುವುದು

ಇಳಿಯುತ್ತಿದ್ದಂತೆ ಸೂಟ್ ಮೈಗೆ ಒತ್ತುತ್ತದೆ. ಆ ಒತ್ತಡ ಸಹಿಸಿಕೊಂಡು ಕೂರುವುದು ಹೊಸಬರ ದೊಡ್ಡ ತಪ್ಪು. ಒತ್ತುವುದು ನಿಲ್ಲುವಷ್ಟು ಗಾಳಿ ತುಂಬಿ, ಆಮೇಲೆ ಒಂದೇ ಒಂದು ಸಣ್ಣ ಒತ್ತು ಹೆಚ್ಚಿಗೆ. ಅಷ್ಟೇ. ಬಟ್ಟೆ ಮತ್ತೆ ಉಬ್ಬಿದ್ದು ಬೆನ್ನಿಗೆ ಗೊತ್ತಾಗುತ್ತದೆ. ಅದಕ್ಕಿಂತ ಜಾಸ್ತಿ ತುಂಬಿದರೆ ಗಾಳಿ ಕಾಲಿಗೆ ಓಡಿ ತಲೆಕೆಳಗಾಗುವ ಅಪಾಯ.

ಗುಂಡಿಯನ್ನು ಒತ್ತಿ ಹಿಡಿಯಬೇಡಿ, ತಟ್ಟಿ ತಟ್ಟಿ ಬಿಡಿ. 10 ಡಿಗ್ರಿಗಿಂತ ತಣ್ಣನೆ ನೀರಿನಲ್ಲಿ ಉದ್ದಕ್ಕೆ ಒತ್ತಿದರೆ ಹಿಗ್ಗುವ ಗಾಳಿಯ ತಂಪಿಗೆ ವಾಲ್ವ್‌ನಲ್ಲಿ ಮಂಜು ಕಟ್ಟಿ, ಅದು ತೆರೆದೇ ಉಳಿಯಬಹುದು. ಹಾಗಾದರೆ ಹೋಸ್ ಕೀಳುವುದು, ಮೇಲ್ತೋಳಿನ ವಾಲ್ವ್‌ನಿಂದ ಗಾಳಿ ಬಿಡುವುದು. ಇದನ್ನು ಗ್ಲೌಸ್ ಹಾಕಿಕೊಂಡೇ ದಡದಲ್ಲಿ ಹತ್ತು ಸಲ ಅಭ್ಯಾಸ ಮಾಡಿ.

ಚಳಿ ಆಯಿತೆಂದು ಜೋರಾಗಿ ಈಜಬೇಡಿ. ಗಾಳಿ ಬೇಗ ಖಾಲಿ, ಬೆವರು ಬೇರೆ.

## ಮೇಲೆ ಬರಬೇಕಾದ ಲಕ್ಷಣಗಳು

ಬೆರಳು ಮರಗಟ್ಟಿ, ಬಿಸಿಡಿ ಗುಂಡಿ ಒತ್ತಿದ್ದು ಗೊತ್ತಾಗದಿದ್ದರೆ ಡೈವ್ ಮುಗಿಸಿ. ಮೈ ತಾನಾಗಿ ನಡುಗಿ, ನಿಲ್ಲಿಸಲು ಆಗದಿದ್ದರೆ ಡೈವ್ ಮುಗಿಸಿ. ಇನ್ನೊಂದು ಐದು ನಿಮಿಷ ಎಂದು ಕಾಯಬೇಡಿ, ಮೇಲೆ ಬರಲು, ಸೇಫ್ಟಿ ಸ್ಟಾಪ್ ಮಾಡಲು ಇನ್ನೂ ಸಮಯ ಬೇಕು. ಜೊತೆಗಾರರು ಕೈಸನ್ನೆಗೆ ತಡವಾಗಿ ಉತ್ತರಿಸುತ್ತಿದ್ದರೆ, ಗೇಜ್ ನೋಡಿ ಸುಮ್ನೆ ಇದ್ದರೆ, ಅವರಿಗೆ ಕೇಳದೆ ನೀವೇ ಡೈವ್ ಮುಗಿಸಿ.

ದಡದಲ್ಲಿ ಮಾತು ತೊದಲುತ್ತಿದ್ದರೆ, ಎಡವುತ್ತಿದ್ದರೆ, ಕಾರಣವಿಲ್ಲದೆ ಸಿಡಿಮಿಡಿ ಮಾಡುತ್ತಿದ್ದರೆ ದೇಹದ ಒಳಗಿನ ಉಷ್ಣತೆ ಇಳಿದಿರಬಹುದು. ಅದು 35 ಡಿಗ್ರಿಗಿಂತ ಕೆಳಗಿಳಿದರೆ ಹೈಪೋಥರ್ಮಿಯಾ. ತಣ್ಣಗಿರುವ ವ್ಯಕ್ತಿಯ ನಡುಕ ತಾನಾಗಿ ನಿಂತು ಮಂಕಾದರೆ ಸುಧಾರಿಸಿತು ಎಂದುಕೊಳ್ಳಬೇಡಿ. ಅದು ತುರ್ತು ಸ್ಥಿತಿ. ಬ್ರಿಟನ್‌ನಲ್ಲಿ 999ಕ್ಕೆ ಕರೆ ಮಾಡಿ, ಮಲಗಿಸಿ, ಒದ್ದೆ ತೆಗೆದು ಒಣ ಹೊದಿಕೆ ಹೊದಿಸಿ. ಕೈಕಾಲು ತಿಕ್ಕಬೇಡಿ, ಮದ್ಯ ಕೊಡಬೇಡಿ, ಬಿಸಿನೀರಿನಲ್ಲಿ ಇಳಿಸಬೇಡಿ.

ಚೆನ್ನಾಗಿದ್ದವರೂ ಡೈವ್ ಆದ ಕೂಡಲೇ ಸುಡುನೀರಿನ ಸ್ನಾನಕ್ಕೆ ಓಡಬೇಡಿ. ಮೈಯಲ್ಲಿ ಕರಗಿರುವ ಸಾರಜನಕ ಶಾಖಕ್ಕೆ ಗುಳ್ಳೆಯಾಗುವ ಸಾಧ್ಯತೆ ಹೆಚ್ಚುತ್ತದೆ. ಮೊದಲು ಒಣ ಬಟ್ಟೆ, ಬಿಸಿ ಗಂಜಿ.

## ದುಡ್ಡು ಹಾಕಬಾರದ ಕಡೆಗಳು

ಚಾರಣಿಗರು ಜೇಬಿನಲ್ಲಿಡುವ ಶಾಖದ ಪೊಟ್ಟಣಗಳು ಗಾಳಿಯ ಆಮ್ಲಜನಕದಿಂದ ಬಿಸಿಯಾಗುತ್ತವೆ. ಆಳದಲ್ಲಿ ಸೂಟಿನೊಳಗೆ ಆಮ್ಲಜನಕದ ಒತ್ತಡ ಜಾಸ್ತಿ, ಪೊಟ್ಟಣ ಲೆಕ್ಕಕ್ಕಿಂತ ಜಾಸ್ತಿ ಕಾಯುತ್ತದೆ, ಕೈ ಹಾಕಿ ತೆಗೆಯಲು ಆಗುವುದಿಲ್ಲ. ಮೋಟರ್‌ಸೈಕಲ್‌ನವರ ಅಗ್ಗದ ಹೀಟಿಂಗ್ ಜಾಕೆಟ್ ಕೂಡ ಹಾಗೇ. ಲಿಥಿಯಂ ಬ್ಯಾಟರಿಯನ್ನು ಮುಚ್ಚಿದ ಸೂಟಿನೊಳಗೆ ಹೊಟ್ಟೆಗೆ ಕಟ್ಟಿಕೊಳ್ಳುವುದು ಉಳಿತಾಯ ಅಲ್ಲ.

ಡೈವಿಂಗ್‌ನದ್ದೇ ಹೀಟಿಂಗ್ ಜಾಕೆಟ್ ಇದ್ದರೂ ಒಂದು ವಿಷಯ ತಿಳಿದಿರಲಿ. ಅಮೆರಿಕದ ನೌಕಾಪಡೆಯ ಪ್ರಾಯೋಗಿಕ ಡೈವಿಂಗ್ ಘಟಕದ 2007ರ ವರದಿಯಲ್ಲಿ, ಆಳದಲ್ಲಿ ಬೆಚ್ಚಗಿದ್ದು ಮೇಲೆ ಬರುವಾಗ ತಣ್ಣಗಾದ ಡೈವರ್‌ಗಳಿಗೆ ಡಿಕಂಪ್ರೆಷನ್ ಕಾಯಿಲೆ ಹೆಚ್ಚಾಗಿ ಕಂಡುಬಂತು. ಬ್ಯಾಟರಿ ನಡುವೆ ಸತ್ತರೆ ಆಗುವುದು ಅದೇ ತಾನೇ.

ಸೂಟಿಗೆ ಆರ್ಗಾನ್ ತುಂಬುವ ಮಾತು ಕೇಳುತ್ತೀರಿ. ಅದು ಗಾಳಿಗಿಂತ ಮೂರನೇ ಒಂದು ಪಾಲು ಕಡಿಮೆ ಶಾಖ ಸಾಗಿಸುತ್ತದೆ, ನಿಜ. ಆದರೆ ಬೇರೆ ಸಿಲಿಂಡರ್, ಬೇರೆ ರೆಗ್ಯುಲೇಟರ್ ಬೇಕು, ತಪ್ಪಿ ಉಸಿರಾಡಿದರೆ ಸಾವು. 40 ನಿಮಿಷದ ಡೈವ್‌ಗೆ ಅದರ ಅಗತ್ಯ ಇಲ್ಲ.

## ಹಂತ 10: ಬರೆದಿಡಿ, ಒಂದು ಸಲಕ್ಕೆ ಒಂದೇ ಬದಲಾವಣೆ

ಪ್ರತಿ ಡೈವ್ ನಂತರ ನಾಲ್ಕು ಸಾಲು: ಆಳದಲ್ಲಿ ನೀರಿನ ಉಷ್ಣತೆ, ಎಷ್ಟು ನಿಮಿಷ, ಏನೇನು ಹಾಕಿದ್ದಿರಿ, ಯಾವ ಭಾಗ ಎಷ್ಟನೇ ನಿಮಿಷಕ್ಕೆ ತಣ್ಣಗಾಯಿತು. ಮುಂದಿನ ಸಲ ಒಂದೇ ಒಂದು ವಸ್ತು ಬದಲಿಸಿ. ಎರಡು ಬದಲಿಸಿದರೆ ಯಾವುದರಿಂದ ಉಪಯೋಗ ಆಯಿತು ಎಂದೇ ಗೊತ್ತಾಗುವುದಿಲ್ಲ.

ನನ್ನ ಮೊದಲ ಚಳಿಗಾಲದ ಖರ್ಚು ಇದು: ಬೇಸ್ ಲೇಯರ್ 30 ಪೌಂಡ್, ಸೆಕೆಂಡ್‌ಹ್ಯಾಂಡ್ ಫ್ಲೀಸ್ ಸೂಟ್ 35, ತೋಳಿಲ್ಲದ ಜಾಕೆಟ್ 6, ಕಾಲುಚೀಲ 12, ಅಂಟು 9. ಒಟ್ಟು 92 ಪೌಂಡ್. ಥಿನ್ಸುಲೇಟ್ ಬಂದದ್ದು ಮರುವರ್ಷ.

ಆ ನೋಟ್‌ಬುಕ್‌ನ ಎರಡು ಪುಟ ಈಗಲೂ ಪಕ್ಕಪಕ್ಕ ಇವೆ. ಜನವರಿಯದ್ದು: "6 ಡಿಗ್ರಿ, 22 ನಿಮಿಷ, ಮೂರು ಫ್ಲೀಸ್, ಎಡತೋಳು ಒದ್ದೆ, 14ನೇ ನಿಮಿಷಕ್ಕೆ ನಡುಕ." ಮಾರ್ಚ್‌ನದ್ದು: "6 ಡಿಗ್ರಿ, 38 ನಿಮಿಷ, ಒಂದು ಫ್ಲೀಸ್, ಒಂದು ಜಾಕೆಟ್, ವಾಲ್ವ್ ತೊಳೆದದ್ದು. ತೋಳು ಒಣ. ಬಲಗೈ ಕಿರುಬೆರಳು ಮಾತ್ರ 30ನೇ ನಿಮಿಷಕ್ಕೆ ತಣ್ಣಗೆ. ಮುಂದೆ: ಗ್ಲೌಸ್."